ಅಂಕಿಗಳೂ ಕಲ್ಪನೆಯೂ

ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳು ಅನೇಕರು ಈಗ ನಗರದ ವ್ಯಾಪಾರ ಸಂಸ್ಥೆಗಳಲ್ಲಿ ಉದ್ಯೋಗಸ್ಥರಾಗಿದ್ದಾರೆ. ಗಿರಾಕಿಯು ಏನನ್ನು ಕೊಂಡನು, ಯಾವ ಜಾಹೀರಾತನ್ನು ಎಷ್ಟು ಹೊತ್ತು ನೋಡಿದನು ಎಂಬುದನ್ನೆಲ್ಲ ಗಣಕಯಂತ್ರವು ಕ್ಷಣಮಾತ್ರದಲ್ಲಿ ಅವರ ಮುಂದಿಡುತ್ತದೆ. ಇದು ಉಪಯುಕ್ತವಾದುದೇ, ಲೆಕ್ಕವನ್ನು ಅಲಕ್ಷಿಸಿದ ವರ್ತಕನು ಬಾಳಲಾರನು. ಆದರೆ ಅಂಕಿಗಳಿದ್ದ ಮೇಲೆ ಆಲೋಚನೆಯೇ ಬೇಡವೆಂಬ ಭಾವನೆಯನ್ನು ನಾವು ಒಪ್ಪಲಾರೆವು.

ನಮ್ಮ ರಾಜರಾಜೇಶ್ವರಿನಗರದಿಂದ ಮೆಟ್ರೋ ರೈಲಿನಲ್ಲಿ ಹೊರಟು ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿದರೆ 'ಸ್ಯಾಂಡಲ್ ಸೋಪ್ ಫ್ಯಾಕ್ಟರಿ' ಎಂಬ ನಿಲ್ದಾಣವು ಸಿಕ್ಕುವುದು. ಆ ಹೆಸರಿನ ಹಿಂದಿರುವ ವೃತ್ತಾಂತವು ಇಲ್ಲಿ ತಕ್ಕ ನಿದರ್ಶನ. 1914ರಲ್ಲಿ ಮಹಾಯುದ್ಧವು ಆರಂಭವಾಗಲು, ಯೂರೋಪಿಗೆ ಹೋಗುತ್ತಿದ್ದ ಮೈಸೂರು ಸೀಮೆಯ ಗಂಧದ ಮರವು ಮಾರಾಟವಾಗದೆ ಇಲ್ಲಿಯೇ ರಾಶಿ ಬಿತ್ತು. ಎಷ್ಟು ಮರ ಉಳಿಯಿತೆಂಬುದನ್ನು ಲೆಕ್ಕದ ಪುಸ್ತಕವು ಹೇಳಬಲ್ಲುದು. ಮುಂದೇನು ಮಾಡತಕ್ಕದ್ದೆಂಬುದನ್ನು ಹೇಳಲಾರದು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮರದಿಂದ ಎಣ್ಣೆ ತೆಗೆಯುವ ಕಾರ್ಖಾನೆಯು ಹುಟ್ಟಿತು. ಆ ಎಣ್ಣೆಯಿಂದಲೇ ಮೈಸೂರು ಸ್ಯಾಂಡಲ್ ಸಾಬೂನೂ ಹುಟ್ಟಿತು.

ಇಂಗ್ಲೆಂಡಿಗೆ ಹೋಗಿ ಸಾಬೂನು ತಯಾರಿಕೆಯನ್ನು ಅಭ್ಯಸಿಸಿ ಬಂದ ಎಸ್. ಜಿ. ಶಾಸ್ತ್ರಿಯವರು ಅದಕ್ಕೆ ಮೊಟ್ಟೆಯಾಕಾರವನ್ನೂ, ಆನೆಯ ಮುಖ ಸಿಂಹದ ಮೈಯುಳ್ಳ ಶರಭದ ಮುದ್ರೆಯನ್ನೂ, ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆಯನ್ನೂ ಒದಗಿಸಿದರು. ಬೆಂಕಿಪೆಟ್ಟಿಗೆಗಳ ಮೇಲೆಯೂ ಟ್ರಾಮ್ ಚೀಟಿಗಳ ಮೇಲೆಯೂ ಅದರ ಚಿತ್ರ ಮೂಡಿತು. ಕರಾಚಿಯಲ್ಲಿ ಅದರ ಪ್ರಚಾರಕ್ಕಾಗಿ ಒಂಟೆಗಳ ಮೆರವಣಿಗೆಯೇ ನಡೆಯಿತು. ಸಾಬೂನನ್ನು ಒಡವೆಯಂತೆ ಕೈಗೆ ಕೊಡಬೇಕೆಂಬುದು ಹಳೆಯ ಮಾರಾಟದ ಲೆಕ್ಕದಲ್ಲಿ ದೊರೆಯುವ ಸಂಗತಿಯಲ್ಲ. ಅಂಕಿಗಳು ನಡೆದುದಕ್ಕೆ ಸಾಕ್ಷಿ. ಇನ್ನೂ ಹುಟ್ಟದಿರುವುದಕ್ಕೆ ಸಾಕ್ಷಿ ಎಲ್ಲಿಂದ ಬಂದೀತು? ಗಿರಾಕಿಯು ಕೊಳ್ಳದೆ ಹೋದನೆಂದು ಲೆಕ್ಕವು ತಿಳಿಸುತ್ತದೆ. ಏಕೆ ಹೋದನೆಂಬುದನ್ನು ಅವನ ಸುಖದುಃಖಗಳನ್ನು ಊಹಿಸಬಲ್ಲವರೇ ತಿಳಿಯಬೇಕು.

ಮಾತಾಪಿತೃಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆಯುಂಟು. ಅಂಕಪಟ್ಟಿಯೂ ಇಂಥದೇ ಒಂದು ಲೆಕ್ಕ. ಮಗಳು 10ನೆಯ ತರಗತಿಗೆ ಬಂದೊಡನೆ ಚಿತ್ರಕಲೆ, ಸಂಗೀತ, ಪ್ರಬಂಧರಚನೆಗಳ ವೇಳೆಯನ್ನು ಪರೀಕ್ಷೆಯ ಪಾಠಗಳಿಗೇ ಕೊಡಿರೆಂದು ಕೆಲವರು ಕೇಳುತ್ತಾರೆ. ಅವರ ಚಿಂತೆಯನ್ನು ನಾವು ಬಲ್ಲೆವು. ಕಾಲೇಜಿನ ಬಾಗಿಲು ಅಂಕಗಳಿಗೇ ತೆರೆಯುವುದೆಂಬುದೂ ನಿಜ. ಆದರೂ ಆ ವೇಳೆಯನ್ನು ನಾವು ಬಿಟ್ಟುಕೊಡುವುದಿಲ್ಲ. ಇದ್ದುದನ್ನು ಎಣಿಸುವ ಕೆಲಸವನ್ನು ಯಂತ್ರವು ನಮಗಿಂತ ಚೆನ್ನಾಗಿ ಮಾಡುತ್ತಿರುವ ಈ ದಿನಗಳಲ್ಲಿ, ಇಲ್ಲದುದನ್ನು ಕಾಣುವ ಕಣ್ಣೇ ನಮ್ಮ ಹೆಣ್ಣುಮಕ್ಕಳಿಗೆ ನಾವು ಕೊಡಬಹುದಾದ ಆಸ್ತಿ. ಆದಕಾರಣ, ಮಗಳು ಎಷ್ಟು ಅಂಕ ಪಡೆದಳೆಂದು ಕೇಳುವ ದಿನ, ಅವಳು ಹೊಸದಾಗಿ ಏನನ್ನು ಯೋಚಿಸಿದಳೆಂದೂ ದಯಮಾಡಿ ಕೇಳಿರಿ.