ಸಾಲಿ ಯಾವಾಗ ತಗೀತೀರಿ?

"ಅಕ್ಕೋರ, ಸಾಲಿ ಯಾವಾಗ ತಗೀತೀರಿ?"

ಹೀಗೆ ನನ್ನನ್ನು ಮೊದಲು ಕೇಳಿದವಳು ಒಂಬತ್ತನೇ ತರಗತಿಯ ಹುಡುಗಿ. 2009ರ ಅಕ್ಟೋಬರ್ ತಿಂಗಳು. ಮಲಪ್ರಭೆಯ ದಂಡೆಯ ಒಂದು ಊರಿನ ಹೈಸ್ಕೂಲಿನಲ್ಲಿ ನಾನಾಗ ಕನ್ನಡ, ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಆ ವರ್ಷ ದಸರೆ ಮುಗಿದ ಬೆನ್ನಿಗೇ ಹಿಡಿದ ಮಳೆ ಬಯಲುಸೀಮೆಯ ಹೊಳೆಗಳನ್ನೆಲ್ಲ ಊರೊಳಗೆ ತಂದು ನಿಲ್ಲಿಸಿತ್ತು. ಮಲಪ್ರಭೆ, ಕೃಷ್ಣೆ, ಭೀಮೆ, ದೋಣಿ, ತುಂಗಭದ್ರೆ ಯಾವುದೂ ಹಿಂದೆ ಬೀಳಲಿಲ್ಲ. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಶಾಲೆ ಎತ್ತರದಲ್ಲಿದ್ದುದರಿಂದ ಉಳಿಯಿತು. ಉಳಿಯಿತು ಅಂದರೆ ಗಂಜಿ ಕೇಂದ್ರವಾಯಿತು.

ನಾನು ಆ ಹುಡುಗಿಯ ಮನೆಗೆ ಹೋದದ್ದು ಶಿಕ್ಷಕಿಯಾಗಿ ಅಲ್ಲ, ಬಿದ್ದ ಮನೆಗಳ ಪಟ್ಟಿ ಮಾಡುವ ಕೆಲಸದ ಮೇಲೆ. ಕೈಯಲ್ಲಿ ಫಾರಂ, ಜೊತೆಗೆ ತಲಾಠಿಯವರು. ಎಷ್ಟು ಗೋಡೆ ಬಿದ್ದಿದೆ, ಪೂರಾ ಬಿದ್ದಿದೆಯೋ ಅರ್ಧವೋ, ಮಾಳಿಗೆ ಇದೆಯೋ ಹೋಗಿದೆಯೋ ಎಂದೆಲ್ಲ ಬರೆದುಕೊಳ್ಳಬೇಕು. ಹುಡುಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟು ಆ ಪ್ರಶ್ನೆ ಕೇಳಿದಳು. ನಾನು, "ಮಂದಿ ಕುಂತಾರಲ್ಲವ್ವ ಸಾಲ್ಯಾಗ, ಅವ್ರು ಎದ್ದ ಮ್ಯಾಲೆ ತಗೀತೀವಿ" ಅಂದೆ. ಅವಳ ಮನೆಯ ಎರಡು ಗೋಡೆಗಳನ್ನು ಫಾರಮ್ಮಿನಲ್ಲಿ ತುಂಬಿಸಿದೆ. ಆ ಫಾರಮ್ಮಿನಲ್ಲಿ ಹುಡುಗಿಯನ್ನು ಬರೆಯುವ ಕಲಮು ಇರಲಿಲ್ಲ.

ಶಾಲೆ ತೆರೆದದ್ದು ನಲವತ್ತು ದಿನಗಳ ಮೇಲೆ. ಹಾಜರಿ ಕೂಗಿದಾಗ ಅವಳಿರಲಿಲ್ಲ. ಮನೆ ಕಟ್ಟುವವರೆಗೂ ಸೋದರಮಾವನ ಊರಲ್ಲಿರಲಿ ಎಂದು ಕಳಿಸಿದ್ದರಂತೆ. ಮುಂದಿನ ಬೇಸಿಗೆಯಲ್ಲಿ ಆ ಮಾವನಿಗೇ ಕೊಟ್ಟು ಮುಗಿಸಿದರು. ಹುಡುಗಿಗೆ ಹದಿನೈದು. ಬಿದ್ದ ಮನೆಯಲ್ಲಿ ಬೆಳೆದ ಹುಡುಗಿಯನ್ನು ಹೇಗೆ ಇಟ್ಟುಕೊಳ್ಳುವುದು, ತಗಡಿನ ಶೆಡ್ಡಿಗೆ ಬಾಗಿಲಿಲ್ಲ, ಅಗುಳಿಯಿಲ್ಲ ಎಂದು ಅವರವ್ವ ನನ್ನೆದುರು ಅತ್ತಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಇದನ್ನೆಲ್ಲ ಇಷ್ಟು ವರ್ಷಗಳ ಮೇಲೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ನೆರೆ ಬಂದಾಗಲೆಲ್ಲ ಒಂದು ಮಾತು ಕೇಳುತ್ತೇನೆ. ಸಾಹೇಬರಿಂದಲೂ ಕೇಳಿದ್ದೇನೆ, ನಮ್ಮ ಓಣಿಯ ಮಹಿಳಾ ಮಂಡಳದ ಗೆಳತಿಯರಿಂದಲೂ ಕೇಳಿದ್ದೇನೆ. "ಮೊದಲು ಮನೆ, ಊಟ, ಬಟ್ಟೆ ಆಗಲಿ. ಶಾಲೆ ಎಲ್ಲಿ ಓಡಿಹೋಗುತ್ತದೆ?" ಶಾಲೆ ಓಡಿಹೋಗುವುದಿಲ್ಲ ತಾಯಂದಿರೇ, ನಿಜ. ಮಕ್ಕಳು ಹೋಗುತ್ತಾರೆ. ಗಂಡುಮಕ್ಕಳು ಗೋವಾ, ಮಂಗಳೂರಿನ ಕಟ್ಟಡದ ಕೆಲಸಕ್ಕೆ, ಹೆಣ್ಣುಮಕ್ಕಳು ಗಂಡನ ಮನೆಗೆ.

ಅಲ್ಲದೆ ಈ ಮಾತಿನಲ್ಲಿ ಒಂದು ತಪ್ಪು ಲೆಕ್ಕವಿದೆ. ಶಾಲೆ ತೆರೆದರೆ ಪರಿಹಾರದ ಕೆಲಸಕ್ಕೆ ಅಡ್ಡಿ ಎಂದು ತಿಳಿದಿದ್ದಾರೆ. ನೀರಿಳಿದ ಊರನ್ನು ನೋಡಿದವರಿಗೆ ಹಾಗನ್ನಿಸುವುದಿಲ್ಲ. ನಮ್ಮದು ಎರೆಭೂಮಿ. ಮಳೆಯಲ್ಲಿ ಉಬ್ಬಿ ನಿಂತ ನೆಲ ಬಿಸಿಲು ಬಿದ್ದೊಡನೆ ಬಿರಿಯುತ್ತದೆ. ಮಳೆಯಲ್ಲಿ ನಿಂತಿದ್ದ ಮಣ್ಣಿನ ಗೋಡೆ ಬಿಸಿಲಿನ ನಾಲ್ಕನೇ ದಿನ ಧೊಪ್ಪನೆ ಕೂರುತ್ತದೆ. ಓಣಿಯಲ್ಲಿ ಕರೆಂಟಿನ ತಂತಿ ಜೋತಾಡುತ್ತಿರುತ್ತದೆ. ಹಾವು ಚೇಳು ಜಂತಿಯ ಸಂದಿಯಲ್ಲಿ ಸೇರಿಕೊಂಡಿರುತ್ತವೆ. ಅಂಥ ಕಡೆ ತಾಯಿ ಒಂದು ಕೈಯಲ್ಲಿ ರಾಡಿ ಬಳಿಯಬೇಕು, ಇನ್ನೊಂದು ಕೈಯಲ್ಲಿ ಮಕ್ಕಳನ್ನು ಹಿಡಿಯಬೇಕು. ಐದು ತಾಸು ಮಕ್ಕಳು ಶಾಲೆಯಲ್ಲಿದ್ದರೆ ಅವಳು ಮನೆಯಾದರೂ ಬಳಿದುಕೊಂಡಾಳು. ಮಧ್ಯಾಹ್ನದ ಬಿಸಿಯೂಟವಾದರೂ ಗ್ಯಾರಂಟಿ. ಬರದ ತಾಲೂಕುಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ. ಬರದಲ್ಲಿ ರಜೆಯಿದ್ದರೂ ಊಟ ಉಂಟು, ನೆರೆಯಲ್ಲಿ ಶಾಲೆಯ ದಿನವೇ ಬಾಗಿಲು ಹಾಕಿದರೆ ಊಟವೂ ಇಲ್ಲ, ಪಾಠವೂ ಇಲ್ಲ ಎಂದರೆ ಇದು ಯಾವ ನ್ಯಾಯ?

ಶಿಕ್ಷಕರಿಗೆ ಪರಿಹಾರದ ಕೆಲಸ ಹಚ್ಚುವುದು ಕಾನೂನಿಗೆ ವಿರುದ್ಧವೇನಲ್ಲ. 2010ರ ಏಪ್ರಿಲ್ ಒಂದರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮಿನಲ್ಲಿ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಈ ಮೂರಕ್ಕೆ ನಮ್ಮನ್ನು ಎಳೆಯಬಹುದೆಂದು ಬರೆದಿದ್ದಾರೆ. ಬರೆದವರು ಎಷ್ಟು ದಿನ ಎಂದು ಬರೆಯಲಿಲ್ಲ. ಮೊದಲ ವಾರ ಬನ್ನಿ ಅಂದರೆ ಸೆರಗು ಕಟ್ಟಿಕೊಂಡು ಬರುತ್ತೇವೆ, ಬಂದಿದ್ದೇವೆ ಕೂಡ. ಗಂಜಿ ಬಡಿಸಿದ್ದೇವೆ, ಬಾಣಂತಿಗೆ ಬಿಸಿನೀರು ಕಾಸಿದ್ದೇವೆ. ಆದರೆ ಎರಡನೇ ವಾರದಿಂದ ನಾವು ಮಾಡಬೇಕಾದ ಪರಿಹಾರ ಪಾಠ ಹೇಳುವುದೇ. ಗೋಡೆ ಅಳೆಯಲು ಬೇರೆಯವರು ಸಿಗುತ್ತಾರೆ. ಆ ಮಕ್ಕಳ ಹೆಸರು, ಅವರ ಅಪ್ಪನ ಹೆಸರು, ಯಾರು ಯಾರ ಪಕ್ಕ ಕೂರುತ್ತಿದ್ದರು ಎಂಬುದೆಲ್ಲ ಗೊತ್ತಿರುವುದು ನಮಗೊಬ್ಬರಿಗೆ.

ಅದೇ ಕಾಯ್ದೆಯಲ್ಲಿ ಒಳ್ಳೆಯದೂ ಇದೆ. ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಹಿಂದಕ್ಕೆ ಕಳಿಸುವಂತಿಲ್ಲ. ಆದರೆ ಈ ಹಕ್ಕು ಆರರಿಂದ ಹದಿನಾಲ್ಕು ವರ್ಷದವರಿಗೆ, ಎಂಟನೇ ತರಗತಿಯವರೆಗೆ. ನೆರೆಯಲ್ಲಿ ನಾವು ಕಳೆದುಕೊಳ್ಳುವುದು ಒಂಬತ್ತು ಹತ್ತರ ಹುಡುಗಿಯರನ್ನು. ಕಾನೂನಿನ ಕೊಡೆ ಸರಿಯಾಗಿ ಅವರ ತಲೆಯ ಹತ್ತಿರವೇ ಮುಗಿದುಹೋಗುತ್ತದೆ.

2019ರಲ್ಲಿ ಮತ್ತೆ ಬಂತು. ಆಗಸ್ಟ್ ಐದಕ್ಕೆ ನಾಗರ ಪಂಚಮಿ. ಜೋಕಾಲಿ ಹಗ್ಗ ಮರದಲ್ಲೇ ಇತ್ತು, ಉಂಡಿ ಡಬ್ಬಿಯಲ್ಲೇ ಇದ್ದವು. ಆ ವಾರವೇ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಏರಿದವು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿದ ಚಿತ್ರವನ್ನು ನೀವೆಲ್ಲ ಪೇಪರಿನಲ್ಲಿ ನೋಡಿದ್ದೀರಿ. 2009ರ ನೆರೆಯ ಮೇಲೆ ಕಟ್ಟಿಸಿ ಖಾಲಿ ಬಿದ್ದಿದ್ದ ಆಸರೆ ಮನೆಗಳಿಗೆ ಜನ ಜಾಲಿಕಂಟಿ ಕಡಿದು ಹೊಕ್ಕರು. ನಾನು ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿದ್ದೆ. ಹೊಳೆ ಮಾತ್ರ ಅದೇ.

ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಶಾಲೆಯ ಖೋಲಿಗಳಲ್ಲಿ ಜನ ಇದ್ದರು, ಇರಲಿ. ಗುಡಿಯ ಪೌಳಿ ಖಾಲಿ ಇತ್ತು. ಮಳೆ ನಿಂತ ಮೂರನೇ ದಿನ ಅಲ್ಲಿ ಒಂದು ಕರಿಹಲಗೆ ಒರಗಿಸಿ, ಗಂಟೆಯ ಬದಲು ತಾಟು ಬಡಿದೆ. ಜೊತೆಗೆ ಇಬ್ಬರು ಮಾಸ್ತರರು ಬಂದರು. ಒಂದನೇತ್ತಾದವರಿಂದ ಹತ್ತನೇತ್ತಾದವರವರೆಗೆ ನಾಲ್ಕು ಊರಿನ ಮಕ್ಕಳು. ಪುಸ್ತಕವಿಲ್ಲ, ಪಾಟಿಯಿಲ್ಲ. ಮೊದಲು ಮಾಡಿದ್ದು ಹಾಜರಿ ಕೂಗುವುದು. ಅದೊಂದು ಕೆಲಸಕ್ಕೆ ಮುಕ್ಕಾಲು ತಾಸು ಹಿಡಿಯಿತು. ಒಬ್ಬೊಬ್ಬರ ಹೆಸರು ಕೂಗಿದಾಗಲೂ ಉಳಿದವರು ಹೊರಳಿ ನೋಡುತ್ತಿದ್ದರು, ಇದ್ದಾನೋ ಇಲ್ಲವೋ ಎಂದು. "ಹಾಜರ್ ರೀ" ಎಂಬ ಮಾತು ಅಷ್ಟು ಜೋರಾಗಿ ನಾನು ಯಾವತ್ತೂ ಕೇಳಿಲ್ಲ.

ಬಿ.ಎಡ್.ನಲ್ಲಿ ನಮಗೆ ಮನೋವಿಜ್ಞಾನ ಒಂದು ಪೇಪರು. ಅದರಲ್ಲಿ ಟಿಪ್ಪಣಿ ಬರೆದು ಪಾಸಾದವಳು ನಾನು. ಮೋಡ ಗುಡುಗಿದರೆ ಚೀಲ ತಲೆಗೆ ಏರಿಸಿಕೊಂಡು ಎದ್ದು ನಿಲ್ಲುವ ಹುಡುಗನಿಗೆ ಏನು ಹೇಳಬೇಕೆಂದು ಅದರಲ್ಲಿರಲಿಲ್ಲ. ಕಣ್ಣಿ ಬಿಚ್ಚದೆ ಬಂದ ಆಕಳು ಗ್ವಾದಲಿಯಲ್ಲೇ ಮುಳುಗಿ ಸತ್ತಿತೆಂದು, ಬಿಚ್ಚುವ ಪಾಳಿ ತನ್ನದಿತ್ತೆಂದು ವಾರಗಟ್ಟಲೆ ಬಾಯಿ ಬಿಡದ ಹುಡುಗಿಗೆ ಏನು ಮಾಡಬೇಕೆಂದೂ ಇರಲಿಲ್ಲ. ನಮಗೆ ತೋಚಿದ್ದು ಇಷ್ಟೇ. ದಿನವೂ ಅದೇ ಹೊತ್ತಿಗೆ ಗಂಟೆ, ಅದೇ ಹೊತ್ತಿಗೆ ಮಗ್ಗಿ, ಅದೇ ಹೊತ್ತಿಗೆ ಊಟ, ಕಡೆಯಲ್ಲಿ ಒಂದು ಕಥೆ. ಚಿತ್ರ ಬರೆಯಿರಿ ಅಂದರೆ ಎಲ್ಲರೂ ಹೊಳೆಯನ್ನೇ ಬರೆದರು. ನಾವು ಬೇಡವೆನ್ನಲಿಲ್ಲ. ಆಕಳಿನ ಹುಡುಗಿ ಹನ್ನೆರಡನೇ ದಿನಕ್ಕೋ ಹದಿಮೂರನೆಯದಕ್ಕೋ ಏಳರ ಮಗ್ಗಿಯನ್ನು ತಪ್ಪಿಲ್ಲದೆ ಹೇಳಿದಳು. ನಾನು ಹಲಗೆ ಒರೆಸುವ ನೆವದಲ್ಲಿ ಆ ಕಡೆ ತಿರುಗಿದೆ.

ಅಲ್ಲಿಗೆ ಒಂದು ಮುಂಜಾನೆ ಎಂಟು ವರ್ಷದ ಮಗಳ ಕೈ ಹಿಡಿದುಕೊಂಡು ಒಬ್ಬಳು ಬಂದಳು. "ಅಕ್ಕೋರ, ಈಕಿ ಹೆಸರು ಬರಕೋರಿ. ಮೂರನೇತ್ತಾ. ಕಾಗದ ಏನೂ ಇಲ್ರೀ, ಹೊಳಿಗಿ ಹೋದುವು." ಕಾಗದ ಯಾರು ಕೇಳಿದರು, ಬರೆದುಕೊಂಡೆ. ತಾಯಿಯ ಹೆಸರು ಕೇಳಿದಾಗ ತಲೆಯೆತ್ತಿ ನೋಡಿದೆ. ಅವಳೇ. ನೀರು ಕೊಟ್ಟವಳು. ಏನು ಮಾತಾಡಬೇಕೋ ತಿಳಿಯದೆ, "ನೀ ಎಷ್ಟನೇತ್ತಾಕ್ಕ ಬಿಟ್ಟಿ?" ಅಂದೆ, ಗೊತ್ತಿಲ್ಲದವಳ ಹಾಗೆ.

"ಒಂಬತ್ರೀ. ಆಮ್ಯಾಲೆ ಸಾಲಿ ತಗೀಲೇ ಇಲ್ಲಲ್ರೀ."

ಅವಳು ದೂರಲಿಲ್ಲ, ಇದ್ದದ್ದನ್ನು ಹೇಳಿದಳು. ಶಾಲೆ ತೆರೆದಿತ್ತು, ನಲವತ್ತು ದಿನದ ಮೇಲೆ. ಅವಳ ಪಾಲಿಗೆ ತೆರೆಯಲಿಲ್ಲ.

ಇನ್ನು ನಮ್ಮ ಪೇಟೆಯ ಹೆಂಗಸರ ಬಗ್ಗೆ. ಸಿಟ್ಟಾಗಬೇಡಿ, ನಾನೂ ಪೇಟೆಯಲ್ಲೇ ಮನೆ ಮಾಡಿದವಳು. ನಾವು ಕಳಿಸಿದ ಗಂಟುಗಳನ್ನು ಬಿಚ್ಚಿದವಳೂ ನಾನೇ. ಕುಬಸವಿಲ್ಲದ ಸೀರೆ, ಗುಂಡಿಯಿಲ್ಲದ ಅಂಗಿ, ಒಂದು ಗಂಟಿನಲ್ಲಂತೂ ಮಗಳ ಮದುವೆಯ ರಿಸೆಪ್ಷನ್ನಿನ ಜರತಾರಿ ಗಾಗ್ರಾ. ಪೌಳಿಯ ಹೊರಗೆ ಅರಿವೆಯ ರಾಶಿ ಮಳೆಯಲ್ಲಿ ತೊಯ್ದು ನಾತ ಹೊಡೆಯಿತು, ಕಡೆಗೆ ಅದನ್ನು ಹೊತ್ತುಹಾಕುವುದೇ ಒಂದು ಕೆಲಸವಾಯಿತು. ಹೈಸ್ಕೂಲಿನ ಹುಡುಗಿಯರಿಗೆ ಬೇಕಾಗಿದ್ದದ್ದು ಒಳ ಉಡುಪು, ತಿಂಗಳ ಪ್ಯಾಡು, ಒಂದು ಬಕೀಟು, ಬಾಗಿಲಿರುವ ಒಂದು ಪಾಯಖಾನೆ. ಮುನ್ನೂರು ಜನ ತಿಂಗಳುಗಟ್ಟಲೆ ಉಪಯೋಗಿಸಿದ ಶಾಲೆಯ ಎರಡು ಪಾಯಖಾನೆಗಳು ಹೇಗಿರುತ್ತವೆಂದು ನಿಮಗೆ ವಿವರಿಸುವುದಿಲ್ಲ. ಗಂಜಿ ಕೇಂದ್ರ ಎದ್ದ ಮೇಲೆ ಖೋಲಿ ಗುಡಿಸಿ ಕೊಟ್ಟವರು ಇದ್ದರು. ಪಾಯಖಾನೆಯ ಗುಂಡಿ ಖಾಲಿ ಮಾಡಿಸಿ ಕೊಡುತ್ತೇನೆಂದವರು ಒಬ್ಬರೂ ಬರಲಿಲ್ಲ. ಶಾಲೆ ತೆರೆದರೂ ದೊಡ್ಡ ಹುಡುಗಿಯರು ಬಾರದಿರುವುದಕ್ಕೆ ದೊಡ್ಡ ದೊಡ್ಡ ಕಾರಣ ಹುಡುಕಬೇಕಾಗಿಲ್ಲ, ಇದನ್ನೊಂದು ನೋಡಿದರೆ ಸಾಕು.

ಚೀಲ ಹಂಚಲು ಬಂದ ಒಂದು ಗುಂಪು ಮಕ್ಕಳನ್ನು ಮೂರು ಸಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿತು. ಮೊದಲ ಸಲ ನಗಲಿಲ್ಲವಂತೆ. ಮೂರನೇ ಸಲ ನಾನು ಅಡ್ಡ ನಿಂತೆ. ಆ ಫೋಟೋದಲ್ಲಿ ನನ್ನ ಬೆನ್ನು ಬಂದಿರಬೇಕು.

ಆಮೇಲಿನ ಕಾಟ ಪೋರ್ಶನ್ನಿನದು. ಶಾಲೆ ತೆರೆದೊಡನೆ ಹೋದ ದಿನಗಳನ್ನೆಲ್ಲ ಹಿಂಡಿ ತೆಗೆಯಬೇಕೆಂದು ಶನಿವಾರ ಪೂರ್ತಿ ದಿನ, ರವಿವಾರ ವಿಶೇಷ ತರಗತಿ. ತಗಡಿನ ಶೆಡ್ಡಿನಲ್ಲಿ ಬುಡ್ಡಿ ದೀಪದ ಕೆಳಗೆ ಓದುವ ಮಗುವಿಗೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮೂವತ್ತೈದರೊಳಗೆ ಅಂಕ ಕೊಟ್ಟು, ಕೆಂಪು ಗೆರೆ ಎಳೆದು, "ಪಾಲಕರ ಸಹಿ ತಾ" ಅನ್ನುವುದು. ಆ ಪಾಲಕ ಪರಿಹಾರದ ಚೆಕ್ಕಿಗೆ ಕಚೇರಿಯ ಮುಂದೆ ಪಾಳಿ ನಿಂತಿರುತ್ತಾನೆ. ಹಾಗೆ ಗೆರೆ ಎಳೆದವರಲ್ಲಿ ನಾನೂ ಒಬ್ಬಳು, 2009ರಲ್ಲಿ. ಆ ಗೆರೆಯ ನಂತರ ಎಷ್ಟು ಮಕ್ಕಳು ಬರುವುದನ್ನು ಬಿಟ್ಟರೆಂದು ಎಣಿಸುವ ಧೈರ್ಯ ನನಗಿಲ್ಲ. 2019ರ ಮಕ್ಕಳಿಗಂತೂ ಏಟಿನ ಮೇಲೆ ಏಟು. ನೆರೆಯ ವರ್ಷ ಮುಗಿಯುವ ಮೊದಲೇ 2020ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆಗಳೆಲ್ಲ ಮುಚ್ಚಿದವು. ಮರದ ಕೆಳಗೆ, ಗುಡಿಯ ಕಟ್ಟೆಯಲ್ಲಿ ಪಾಠ ಹೇಳಿ ಎಂದು ಸರ್ಕಾರ ವಿದ್ಯಾಗಮ ತಂದಾಗ ನನಗೆ ನಗು ಬಂತು. ನಾವು ಪೌಳಿಯಲ್ಲಿ ಪಾಠ ಹೇಳಿದಾಗ ಯಾರಪ್ಪಣೆ ಎಂದು ಕೇಳಿದ್ದ ಸಾಹೇಬರೇ ಆ ಸುತ್ತೋಲೆ ಕಳಿಸಿದ್ದರು.

ಆಗುವುದಿಲ್ಲ ಎನ್ನುವವರು ಪಕ್ಕದ ಕೇರಳವನ್ನಾದರೂ ನೋಡಲಿ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಜರಿದು ಮುಂಡಕೈ, ಚೂರಲ್ಮಲ ಊರುಗಳು ಕೊಚ್ಚಿಹೋದವು. ವೆಳ್ಳಾರ್ಮಲದ ಶಾಲೆ ಹಾಳಾಯಿತು. ಸೆಪ್ಟೆಂಬರ್ 2ಕ್ಕೆ ಆ ಶಾಲೆಯ ಮಕ್ಕಳಿಗೆ ಮೇಪ್ಪಾಡಿಯಲ್ಲಿ ತರಗತಿ ಶುರುವಾಯಿತು. ಹೊಸ ವರ್ಷದ ಮೊದಲ ದಿನ ಮಾಡುವ ಹಾಗೆ ಪ್ರವೇಶೋತ್ಸವವನ್ನು ಮತ್ತೊಮ್ಮೆ ಮಾಡಿ ಒಳಗೆ ಕರೆದುಕೊಂಡರು. ಶಾಲೆಯೇ ಇಲ್ಲದವರು ಮೂವತ್ನಾಲ್ಕು ದಿನದಲ್ಲಿ ತೆರೆದರು. ನಮ್ಮ ಶಾಲೆ ಗಟ್ಟಿಮುಟ್ಟಾಗಿ ನಿಂತಿತ್ತು, ನಾವು ನಲವತ್ತು ದಿನ ತೆಗೆದುಕೊಂಡೆವು.

ಹೊಳೆದಂಡೆಯ ಪ್ರತಿ ಊರಿಗೂ ಶಾಲೆಯಲ್ಲದ ಒಂದು ಎತ್ತರದ ಜಾಗ ಗಂಜಿ ಕೇಂದ್ರಕ್ಕೆಂದು ಮೊದಲೇ ಗೊತ್ತಿರಬೇಕು. ಈಗ ಅದಕ್ಕೆ ಕಾಳಜಿ ಕೇಂದ್ರ ಎಂದು ಹೆಸರಿಟ್ಟಿದ್ದಾರೆ, ಕಾಳಜಿ ಇದ್ದರೆ ಇದನ್ನು ಮಾಡಲಿ. ಅನಿವಾರ್ಯವಾಗಿ ಶಾಲೆಯಲ್ಲೇ ಇರಿಸಿದರೆ ಎರಡು ಖೋಲಿ ಮಕ್ಕಳಿಗೆ ಬಿಡಲಿ. ಬಿದ್ದ ಮನೆಯ ಫಾರಮ್ಮಿನಲ್ಲಿ ಆ ಮನೆಯ ಮಕ್ಕಳ ಹೆಸರು, ತರಗತಿ, ಈಗ ಎಲ್ಲಿದ್ದಾರೆ ಎಂಬ ಒಂದು ಸಾಲು ಸೇರಲಿ. ನೀವು ಸಾಮಾನು ಕಳಿಸುವ ಮೊದಲು ಆ ಊರಿನ ಶಾಲೆಗೆ ಒಂದು ಫೋನು ಮಾಡಿ, ಏನು ಬೇಕೆಂದು ಕೇಳಿ. ಪಾಯಖಾನೆ ಎಂದು ನಾವು ಹೇಳಿದರೆ ಮೂಗು ಮುರಿಯಬೇಡಿ.

ನಾನು ಮಾಡುವಷ್ಟನ್ನು ಮಾಡಿಕೊಂಡಿದ್ದೇನೆ. 2019ರಲ್ಲಿ ಶಾಲೆಯ ಸೂರು ಸೋರಿ ದಾಖಲಾತಿ ಪುಸ್ತಕ ತೊಯ್ದಿತ್ತು. ಇಡೀ ಊರಿನ ಹುಟ್ಟಿದ ತಾರೀಖು ಅದರಲ್ಲಿದೆ. ಒಂದೊಂದೇ ಹಾಳೆ ಬಿಡಿಸಿ, ನಡುವೆ ಪೇಪರು ಇಟ್ಟು, ಒಂಬತ್ತು ದಿನ ಒಣಗಿಸಿದೆವು. ಈಗ ಮಳೆಗಾಲ ಶುರುವಾಗುವ ಮೊದಲು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಂಬತ್ತು ಹತ್ತನೇ ತರಗತಿಯ ಹುಡುಗಿಯರ ಮನೆಯ, ಅವರ ಸೋದರಮಾವಂದಿರ ಊರಿನ ಪಟ್ಟಿಯನ್ನೂ ಜೊತೆಗಿಟ್ಟು, ಮೇಲಿನ ಖೋಲಿಯ ಕಬ್ಬಿಣದ ಟ್ರಂಕಿನಲ್ಲಿ ಇಡುತ್ತೇನೆ. ಕೀಲಿ ಒಂದು ನನ್ನ ಹತ್ತಿರ, ಇನ್ನೊಂದು ಬಿಸಿಯೂಟದ ಅಡುಗೆಯ ಅಕ್ಕನ ಹತ್ತಿರ. ಅವಳ ಮನೆ ಶಾಲೆಗೆ ಹತ್ತಿರ.