ಹಿಂಡಿಯನ್ನೂ ಲ್ಯಾಬಿಗೆ ಕಳಿಸೋಣ

ಹಿರಿಯಡ್ಕ, ಪೆರ್ಡೂರು, ಆತ್ರಾಡಿ ಕಡೆಯ ಹೈನುಗಾರ ಬಂಧುಗಳೇ,

ಬೆಳಗ್ಗೆ, ಸಂಜೆ ಸೊಸೈಟಿಗೆ ಹಾಕುವ ಹಾಲಿಗೆ ಪರೀಕ್ಷೆ ತಪ್ಪಿದ್ದಲ್ಲ. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿಯೇ ರೇಟು. ಅದು ಸರಿಯೇ. ಆದರೆ ಆ ಹಾಲು ಕೊಡುವ ದನಕ್ಕೆ ಹಾಕುವ ಹಿಂಡಿ, ತೌಡು, ಬೂಸಾ, ಜೋಳದ ಹುಡಿಯನ್ನು ನಮ್ಮಲ್ಲಿ ಎಷ್ಟು ಮಂದಿ ಪರೀಕ್ಷೆ ಮಾಡಿಸಿದ್ದೇವೆ? ಮೂಸಿ ನೋಡುತ್ತೇವೆ, ಬೆರಳಲ್ಲಿ ಉಜ್ಜುತ್ತೇವೆ, ಗೋಣಿಯ ಮೇಲಿನ ಅಂಕೆ ನಂಬಿ ದುಡ್ಡು ಕೊಡುತ್ತೇವೆ. ಹಾಲಿನ ಬಿಲ್ಲಿನ ದೊಡ್ಡ ಪಾಲು ಹೋಗುವುದು ಅದಕ್ಕೇ.

ಲ್ಯಾಬಿನಲ್ಲಿ ನಡೆಯುವುದು ಮಂತ್ರವಿದ್ಯೆಯಲ್ಲ. ಒಣಗಿಸಿ ತೂಗಿದರೆ ತೇವಾಂಶ ಸಿಗುತ್ತದೆ. ಈಥರಿನಲ್ಲಿ ಕರಗಿ ಬಂದದ್ದು ಕೊಬ್ಬು, ಆಮ್ಲದಲ್ಲೂ ಕ್ಷಾರದಲ್ಲೂ ಕುದಿಸಿದ ಮೇಲೆ ಉಳಿದದ್ದು ನಾರು, ಸುಟ್ಟ ಮೇಲೆ ಉಳಿದದ್ದು ಬೂದಿ. ಜರ್ಮನಿಯ ವೀಂಡೆಯಲ್ಲಿ 1860ರ ದಶಕದಲ್ಲಿ ರೂಪುಗೊಂಡ ಈ ಕ್ರಮವೇ ಇಂದಿಗೂ ಬಳಕೆಯಲ್ಲಿದೆ. ಕುಚ್ಚಲಕ್ಕಿ ಮಿಲ್ಲುಗಳ ತೌಡು ನಂಬಿರುವ ನಾವು ಮುಖ್ಯವಾಗಿ ಗಮನಿಸಬೇಕಾದದ್ದು ಆ ಬೂದಿಯನ್ನು. ಅದನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಯಿಸಿದಾಗ ಕರಗದೆ ಉಳಿಯುವುದು ಮರಳು ಮತ್ತು ಉಮಿಯ ಸಿಲಿಕಾ. ತೌಡಿಗೆ ಉಮಿಹುಡಿ ಬೆರೆತಿದ್ದರೆ ಕಣ್ಣಿಗೆ ಕಾಣದು, ಇಲ್ಲಿ ಸಿಕ್ಕಿಬೀಳುತ್ತದೆ.

ಪ್ರೊಟೀನಿನ ಅಂಕೆಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಕಂಡುಹಿಡಿದ ವಿಧಾನ ಅಳೆಯುವುದು ಸಾರಜನಕವನ್ನು. ಅದನ್ನು 6.25ರಿಂದ ಗುಣಿಸಿ ಪ್ರೊಟೀನ್ ಎನ್ನುತ್ತಾರೆ. ಯೂರಿಯಾದಲ್ಲಿ ಶೇ. 46 ಸಾರಜನಕ. ನೂರು ಕಿಲೋ ಹಿಂಡಿಗೆ ಒಂದು ಕಿಲೋ ಯೂರಿಯಾ ಸೇರಿಸಿದರೆ ವರದಿಯಲ್ಲಿ ಪ್ರೊಟೀನ್ ಹೆಚ್ಚುಕಡಿಮೆ ಮೂರು ಅಂಶ ಏರುತ್ತದೆ! ಬೆಳೆದ ದನ ಮಿತವಾದ ಯೂರಿಯಾವನ್ನು ಅರಗಿಸಿಕೊಂಡೀತು. ಕರುವಿಗೆ ಅದು ಅಪಾಯ. ಆದ್ದರಿಂದ ಯೂರಿಯಾ ಪರೀಕ್ಷೆಯನ್ನು ಬೇರೆಯಾಗಿಯೇ ಕೇಳಿ.

ನಮ್ಮ ಮಳೆಗಾಲಕ್ಕೆ ಇನ್ನೊಂದು ಚಿಂತೆಯಿದೆ, ಬೂಸು. ನೆಲಗಡಲೆ ಹಿಂಡಿ, ಹತ್ತಿಬೀಜದ ಹಿಂಡಿ, ಜೋಳ ಥಂಡಿ ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ದನದ ಹೊಟ್ಟೆ ಸೇರಿದ ಅದು ರೂಪ ಬದಲಿಸಿ ಹಾಲಿಗೂ ಇಳಿಯುತ್ತದೆ, ಕುದಿಸಿದರೂ ಹೋಗದು. ಹಾಲಿನಲ್ಲಿ ಕಿಲೋಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ಇರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಆ ಹಾಲು ಕುಡಿಯುವುದು ನಮ್ಮ ಮಕ್ಕಳೇ.

ಒಬ್ಬೊಬ್ಬರೇ ಪರೀಕ್ಷೆ ಮಾಡಿಸುವುದು ಕಷ್ಟ, ಖರ್ಚೂ ಹೌದು. ಸಂಘದ ಲೆಕ್ಕದಲ್ಲಾದರೆ ಹೊರೆಯಾಗದು. ಈ ಸಲದ ಮಹಾಸಭೆಯಲ್ಲಿ ಒಂದು ಠರಾವು ಮಾಡೋಣ: ಊರಲ್ಲಿ ಹೆಚ್ಚು ಖರ್ಚಾಗುವ ಹಿಂಡಿ, ತೌಡುಗಳ ಸ್ಯಾಂಪಲ್ ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಲ್ಯಾಬಿಗೆ ಹೋಗಲಿ. ಎಲ್ಲಿಗೆ ಕಳಿಸುವುದೆಂದು ಪಶುವೈದ್ಯರನ್ನೂ ದಕ್ಷಿಣ ಕನ್ನಡ ಹಾಲು ಒಕ್ಕೂಟವನ್ನೂ ಕೇಳೋಣ. ಈ ವಿಷಯಕ್ಕೆಂದೇ ಬೆಂಗಳೂರಿನ ಆಡುಗೋಡಿಯಲ್ಲಿ 1995ರಿಂದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಿದೆ. ಅವರ ಸಲಹೆಯನ್ನೂ ಕೇಳಬಹುದು.

ಸ್ಯಾಂಪಲನ್ನು ಒಂದೇ ಗೋಣಿಯ ಮೇಲಿಂದ ಬಾಚಬೇಡಿ. ನಾಲ್ಕಾರು ಗೋಣಿಗಳ ಮೇಲೆ, ನಡು, ಅಡಿಯಿಂದ ತೆಗೆದು ಬೆರೆಸಿ, ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಳ್ಳಿ. ಅರ್ಧ ಕಿಲೋಗೆ ಇಳಿಯುವವರೆಗೂ ಹಾಗೆಯೇ ಮಾಡಿ, ಗಾಳಿಯಾಡದ ಒಣ ಚೀಲದಲ್ಲಿ ಕಟ್ಟಿ ತಾರೀಕು ಬರೆಯಿರಿ. ಬಂದ ವರದಿಯನ್ನು ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಆಯಾ ಪದಾರ್ಥಕ್ಕೆ ಇಟ್ಟಿರುವ ಮಾನದಂಡದ ಪಕ್ಕದಲ್ಲಿಟ್ಟು ಸೊಸೈಟಿಯ ಗೋಡೆಗೆ ಅಂಟಿಸೋಣ, ಹಾಲು ತರುವ ಎಲ್ಲರಿಗೂ ಕಾಣುವ ಹಾಗೆ.