ದಿಗ್ಬಂಧನ ತಡೆಯದ ಬಂದೂಕು
ಹೈದರಾಬಾದಿನ ಮಲ್ಕಾಜ್‌ಗಿರಿಯ ಹಳಿಗಳ ಮೇಲೆ ಇಂದು ಸರಕು ನಿರಾತಂಕವಾಗಿ ಓಡುತ್ತದೆ. 1948ರಲ್ಲಿ ಹಾಗಿರಲಿಲ್ಲ, ನಿಜಾಮರ ಪರವಾದ ಸಶಸ್ತ್ರ ಪಡೆ ರಜಾಕಾರರ ಹಾವಳಿಗೆ ಕಡಿವಾಣ ಹಾಕದ ಹೈದರಾಬಾದಿನ ನಿಜಾಮ ಸರ್ಕಾರದ ಸುತ್ತ ಭಾರತದ ಆರ್ಥಿಕ ದಿಗ್ಬಂಧನ ಬಿಗಿಯಾಗಿತ್ತು. ಬಂದರಿಲ್ಲದ, ನಾಲ್ಕೂ ಕಡೆ ಭಾರತವೇ ಸುತ್ತುವರಿದ ರಾಜ್ಯ. ದಿಗ್ಬಂಧನಕ್ಕೆ ಇದಕ್ಕಿಂತ ಅನುಕೂಲದ ಜಾಗ ಎಲ್ಲಿದ್ದೀತು? ಆದರೂ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನ ಚಾಲಕ ಕರಾಚಿಯಿಂದ ಹಾರಿ ನಮ್ಮ ಬೀದರಿಗೇ ಬಂದೂಕು ತಂದಿಳಿಸಿದ. ಔಷಧಿ, ಕುಡಿಯುವ ನೀರಿನ ಶುದ್ಧಿಗೆ ಬೇಕಾದ ಕ್ಲೋರಿನ್ ಬರುತ್ತಿಲ್ಲವೆಂದು ಹೈದರಾಬಾದ್ ದೂರಿತು. ಅಂಥ ಕೊರತೆ ಮೊದಲು ಕಾಡುವುದು ಬಡವರ ಮನೆಯನ್ನು, ಅರಮನೆಯನ್ನಲ್ಲ. ನನಗೆ ಅತಿ ನೋವಿನ ಸಂಗತಿ ಇದೇ. ನಿಜಾಮರು ಮಣಿದದ್ದು ದಿಗ್ಬಂಧನಕ್ಕಲ್ಲ, ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿದ ಮೇಲೆ, 17ರಂದು. 2022ರಿಂದ ರಷ್ಯಾದ ಮೇಲೆ ನಿರ್ಬಂಧ ಹೇರುತ್ತಿರುವವರು ಹೈದರಾಬಾದಿನ ಈ ಕಥೆಯನ್ನೂ ಓದಬೇಕು. ರಷ್ಯಾಕ್ಕಂತೂ ಸಮುದ್ರವೂ ಇದೆ, ಎಣ್ಣೆ ಕೊಳ್ಳುವವರೂ ಇದ್ದಾರೆ.